ಉತ್ತರಪತ್ರಿಕೆಯನ್ನು ಓದುವ ಯಂತ್ರ

ಪರೀಕ್ಷೆಗೆ ಕುಳಿತ ವಿದ್ಯಾರ್ಥಿಯು ಹಾಳೆಯ ಮೇಲಿನ ಸಣ್ಣ ವೃತ್ತವೊಂದನ್ನು ಶಾಯಿಯಿಂದ ತುಂಬುವನು; ಯಂತ್ರವು ಅದನ್ನು ನೋಡಿ ಅಂಕವನ್ನು ಎಣಿಸುವುದು. ಸಿಇಟಿ ಪರೀಕ್ಷೆಯ ದೆಸೆಯಿಂದ ಈ ಪದ್ಧತಿಯು ಕರ್ನಾಟಕದ ಮನೆಮನೆಗೂ ಪರಿಚಿತವಾಗಿದೆ. ಆದರೆ ವೃತ್ತವು ತುಂಬಿದೆಯೋ ಇಲ್ಲವೋ ಎಂಬುದನ್ನು ನಿರ್ಣಯಿಸುವವರು ಯಾರು? ಈ ಪ್ರಶ್ನೆಗೆ ದೊರೆತ ಉತ್ತರವು ಕಾಲಕಾಲಕ್ಕೆ ಬದಲಾಗಿರುವುದು.

ಈ ವಿದ್ಯೆಗೆ ತಳಹದಿಯನ್ನು ಹಾಕಿದವರಲ್ಲಿ ಒಬ್ಬನು ಶಾಲೆಯ ಉಪಾಧ್ಯಾಯನೇ ಆಗಿದ್ದನೆಂಬುದು ಗಮನಾರ್ಹವಾದುದು. ಅಮೆರಿಕದ ಮಿಷಿಗನ್ ಸಂಸ್ಥಾನದ ಐರನ್‌ವುಡ್ ಎಂಬ ಊರಿನಲ್ಲಿ ವಿಜ್ಞಾನವನ್ನು ಬೋಧಿಸುತ್ತಿದ್ದ ರೆನಾಲ್ಡ್ ಜಾನ್ಸನ್ ಎಂಬಾತನು, ಪೆನ್ಸಿಲಿನ ಗ್ರಾಫೈಟಿನಲ್ಲಿ ವಿದ್ಯುತ್ತು ಹರಿಯುವುದೆಂಬ ತತ್ತ್ವವನ್ನು ಆಶ್ರಯಿಸಿ ಅಂಕವೆಣಿಸುವ ಸಾಧನವನ್ನು ರಚಿಸಿದನು. ಐಬಿಎಂ ಸಂಸ್ಥೆಯು ೧೯೩೪ರಲ್ಲಿ ಆತನನ್ನು ತನ್ನ ಸೇವೆಗೆ ಬರಮಾಡಿಕೊಂಡಿತು; ೧೯೩೮ರಲ್ಲಿ ೮೦೫ ಎಂಬ ಸಂಖ್ಯೆಯ ಯಂತ್ರವು ಬಳಕೆಗೆ ಬಂದಿತು. ಒಬ್ಬನ ಗುರುತು ದಟ್ಟವಾಗಿಯೂ ಮತ್ತೊಬ್ಬನದು ತೆಳುವಾಗಿಯೂ ಇದ್ದರೆ ವಿದ್ಯುತ್ಪ್ರವಾಹವು ಏರುಪೇರಾಗಿ ಅಂಕವು ಕೆಡುವುದಷ್ಟೆ. ಜಾನ್ಸನ್ನನು ಪ್ರವಾಹದ ಮಾರ್ಗದಲ್ಲಿ ಬಹು ಹೆಚ್ಚಿನ ಪ್ರತಿರೋಧವನ್ನಿರಿಸಿ, ಅದರ ಮುಂದೆ ಗುರುತುಗಳ ತಾರತಮ್ಯವು ನಗಣ್ಯವಾಗುವಂತೆ ಮಾಡಿದನು. ಆದರೂ ವಿಶೇಷವಾದ ಪೆನ್ಸಿಲು ಬೇಕಾಗಿತ್ತು.

ಐಯೋವಾ ವಿಶ್ವವಿದ್ಯಾಲಯದ ಪ್ರಾಧ್ಯಾಪಕನಾದ ಲಿಂಡ್‌ಕ್ವಿಸ್ಟನು ೧೯೫೦ರ ದಶಕದಲ್ಲಿ ವಿದ್ಯುತ್ಪ್ರವಾಹಕ್ಕೆ ಬದಲಾಗಿ ಬೆಳಕಿನಿಂದ ಗುರುತನ್ನು ಗ್ರಹಿಸುವ ಯಂತ್ರವನ್ನು ನಿರ್ಮಿಸಿದನು. ವೇಗವು ಹೆಚ್ಚಿತು, ಆದರೆ ಇಂತಹ ಯಂತ್ರಗಳೂ ಅವುಗಳಿಗೆ ತಕ್ಕಂತೆ ಅಚ್ಚಾದ ಹಾಳೆಗಳೂ ಸಣ್ಣ ಶಾಲೆಗಳ ಶಕ್ತಿಗೆ ಮೀರಿದುವು.

ಸಾಮಾನ್ಯ ಸ್ಕ್ಯಾನರುಗಳು ಸುಲಭವಾಗಿ ದೊರೆಯತೊಡಗಿದ ಮೇಲೆ ಆ ಕೆಲಸವು ಲೋಹದ ಯಂತ್ರದಿಂದ ತಂತ್ರಾಂಶಕ್ಕೆ ಬಂದಿತು. ಫ್ರಾನ್ಸಿನ ಅಲೆಕ್ಸಿ ಬಿಯಾಂವೆನ್ಯೂ ರಚಿಸಿದ ‘ಆಟೋ ಮಲ್ಟಿಪಲ್ ಚಾಯ್ಸ್’ ಎಂಬ ಸ್ವತಂತ್ರ ತಂತ್ರಾಂಶವು ಇದಕ್ಕೆ ಉದಾಹರಣೆ. ಹಾಳೆಯ ನಾಲ್ಕು ಮೂಲೆಗಳಲ್ಲಿ ಅಚ್ಚಾದ ವೃತ್ತಗಳನ್ನು ಮೊದಲು ಗುರುತಿಸಿ, ಓರೆಯಾಗಿ ಬಂದ ಚಿತ್ರವನ್ನು ಲೆಕ್ಕದಿಂದ ಸರಿಪಡಿಸಿ, ಅನಂತರ ಪ್ರತಿಯೊಂದು ಚೌಕದಲ್ಲಿ ಕಪ್ಪಾದ ಭಾಗವೆಷ್ಟೆಂದು ಅದು ಅಳೆಯುವುದು. ಗೊತ್ತುಪಡಿಸಿದ ಮಿತಿಯನ್ನು ಮೀರಿದರೆ ಚೌಕವು ತುಂಬಿದೆಯೆಂದು ಎಣಿಸಲ್ಪಡುವುದು. ಆ ಮಿತಿಯನ್ನು ಗೊತ್ತುಪಡಿಸುವವನು ಪರೀಕ್ಷಕನೇ.

ಯಂತ್ರವು ಕಪ್ಪನ್ನು ಬಲ್ಲುದೇ ಹೊರತು ಬರೆದವನ ಅಭಿಪ್ರಾಯವನ್ನು ಅರಿಯದು. ಅರೆಬರೆ ತುಂಬಿದ ಚೌಕ, ತುಂಬಿ ಅನಂತರ ಅಳಿಸಿದ ಚೌಕ, ಇವುಗಳ ಮೇಲೆಯೇ ಕೆಲವೊಮ್ಮೆ ವಿದ್ಯಾರ್ಥಿಯ ಮುಂದಿನ ಗತಿಯು ನಿಂತಿರುತ್ತದೆ. ೮೦೫ ಯಂತ್ರವು ಅಂಕವನ್ನು ಮುಳ್ಳಿನಿಂದ ತೋರಿಸಿ ಸುಮ್ಮನಾಗುತ್ತಿತ್ತು. ತಂತ್ರಾಂಶವಾದರೋ ಹಾಳೆಯ ಚಿತ್ರವನ್ನು ಉಳಿಸಿಕೊಂಡು, ಸಂಶಯಾಸ್ಪದವಾದ ಚೌಕವನ್ನು ಪರೀಕ್ಷಕನು ಕಣ್ಣಾರೆ ನೋಡಿ ತಿದ್ದಲು ಅವಕಾಶವನ್ನು ಕೊಡುವುದು. ಎಣಿಸುವ ಶ್ರಮವು ಯಂತ್ರಕ್ಕೆ ಸಂದಿದೆ. ನ್ಯಾಯದ ಹೊಣೆಯು ಉಪಾಧ್ಯಾಯನಲ್ಲಿಯೇ ಉಳಿದಿದೆ.