ಹರಡುವಿಕೆ ಮತ್ತು ಆಳ: ಎಲ್ಕ್ ಬೇಟೆಯ ಮಧ್ಯಮ ವ್ಯಾಸದ ರೈಫಲ್‌ಗಳಲ್ಲಿ ಗುಂಡಿನ ಆಯ್ಕೆಯ ಚರಿತ್ರೆ

ಪೀಠಿಕೆ

ಉತ್ತರ ಅಮೆರಿಕದ ರಾಕಿ ಪರ್ವತಶ್ರೇಣಿಯಲ್ಲಿ ಎಲ್ಕ್ ಅಥವಾ ವಪಿಟಿ ಎಂದು ಕರೆಯಲಾಗುವ ಹಿರಿಜಾತಿಯ ಜಿಂಕೆಯ ಬಲಿತ ಗಂಡು ಸುಮಾರು 300 ಕಿಲೋ ತೂಗುತ್ತದೆ. ದಪ್ಪ ಚರ್ಮ, ಒತ್ತಾದ ಸ್ನಾಯು ಮತ್ತು ಗಟ್ಟಿಮುಟ್ಟಾದ ಭುಜದ ಮೂಳೆಗಳ ಹಿಂದೆ ಅದರ ಹೃದಯ ಮತ್ತು ಶ್ವಾಸಕೋಶಗಳಿರುವುದರಿಂದ, ಅದನ್ನು ನರಳಿಸದೆ ಬೇಗ ಕೆಡವಬೇಕಾದ ಗುಂಡು ಏಕಕಾಲದಲ್ಲಿ ಎರಡು ಕೆಲಸಗಳನ್ನು ಮಾಡಬೇಕಾಗುತ್ತದೆ. ದೇಹವನ್ನು ಹೊಕ್ಕ ಕೂಡಲೇ ಮೂತಿ ಅಗಲಗೊಂಡು ವಿಶಾಲವಾದ ಗಾಯ ಮಾಡುವುದು ಮೊದಲನೆಯದು, ಹಾಗೆ ಅಗಲಗೊಂಡ ಮೇಲೂ ಒಡೆದು ಚೂರಾಗದೆ ಜೀವಸ್ಥಾನದವರೆಗೆ ಇಳಿಯುವುದು ಎರಡನೆಯದು. ಆದರೆ ಗುಂಡು ಹರಡಿದಷ್ಟೂ ಅದಕ್ಕೆ ಎದುರಾಗುವ ತಡೆ ಹೆಚ್ಚಿ ಆಳ ಕುಗ್ಗುತ್ತದೆಯಾದ್ದರಿಂದ ಈ ಎರಡು ಗುಣಗಳು ಒಂದನ್ನೊಂದು ಎಳೆದಾಡುತ್ತವೆ.

ಎಲ್ಕ್ ಬೇಟೆಯ ರೈಫಲ್‌ಗಳನ್ನು ಕುರಿತ ಬರವಣಿಗೆ ಬಹುಮಟ್ಟಿಗೆ ನಳಿಗೆಯ ಒಳವ್ಯಾಸದ ಸುತ್ತ ಬೆಳೆದಿದ್ದು, .33ರಿಂದ .375 ಅಂಗುಲದವರೆಗಿನ, ಅಂದರೆ ಸುಮಾರು 8.4ರಿಂದ 9.5 ಮಿಲಿಮೀಟರ್‌ಗಳ ‘ಮಧ್ಯಮ ವ್ಯಾಸ’ ಅಗತ್ಯವೇ ಅಲ್ಲವೇ ಎಂಬ ವಾದ ಅದರ ಕೇಂದ್ರದಲ್ಲಿದೆ. ಈ ವಾದ ಮೂಲದಲ್ಲಿ ವ್ಯಾಸದ ಕುರಿತದ್ದಲ್ಲ, ಗುಂಡಿನ ಒಳರಚನೆಯ ಕುರಿತದ್ದು ಎಂಬುದನ್ನೂ, ವೇಗ ಏರಿದಾಗಲೆಲ್ಲ ಕೆಟ್ಟ ಸಮತೋಲವನ್ನು ಸರಿಪಡಿಸುವ ಯತ್ನಗಳು ಕಾರ್ಖಾನೆಗಳಷ್ಟೇ, ಕೆಲವೊಮ್ಮೆ ಅವಕ್ಕಿಂತ ಮುಂಚೆಯೇ, ತೋಟಾಗಳನ್ನು ತಾವೇ ತುಂಬಿಕೊಳ್ಳುವ ಬೇಟೆಗಾರರ ನಡುವೆ ನಡೆದವು ಎಂಬುದನ್ನೂ ತೋರಿಸುವುದು ಪ್ರಸ್ತುತ ಲೇಖನದ ಉದ್ದೇಶ.

ಕರಿಮದ್ದಿನ ಕಾಲದ ಪೂರ್ವಪೀಠಿಕೆ

ಕರಿಮದ್ದು ಗುಂಡಿಗೆ ಕೊಡಬಲ್ಲ ವೇಗಕ್ಕೆ ಮಿತಿಯಿದ್ದುದರಿಂದ, ಹತ್ತೊಂಬತ್ತನೆಯ ಶತಮಾನದ ಬೇಟೆಗಾರನಿಗೆ ಹೆಚ್ಚಿನ ಬಲ ಬೇಕೆಂದರೆ ಗುಂಡಿನ ಗಾತ್ರವನ್ನು ಹಿಗ್ಗಿಸುವುದೊಂದೇ ದಾರಿಯಾಗಿತ್ತು. ಮೈಸೂರು ಸಂಸ್ಥಾನದಲ್ಲಿ ಖೆಡ್ಡಾಗಳನ್ನು ನಡೆಸಿದ ಜಿ. ಪಿ. ಸ್ಯಾಂಡರ್ಸನ್ ಆನೆ, ಕಾಟಿಗಳ ಬೇಟೆಗೆ ನಾಲ್ಕು ಬೋರಿನಂತಹ, ಅಂದರೆ ಒಂದು ಪೌಂಡು ಸೀಸದಲ್ಲಿ ನಾಲ್ಕೇ ಗುಂಡುಗಳಾಗುವಷ್ಟು ಅಗಲದ ಕೋವಿಗಳನ್ನು ಬಳಸಿದ್ದು ಈ ತರ್ಕದ ತುದಿಯ ಉದಾಹರಣೆ. ಇದೇ ಕಾಲದಲ್ಲಿ ಬ್ರಿಟನ್ನಿನಲ್ಲಿ ರೂಢಿಗೆ ಬಂದ ‘ಎಕ್ಸ್‌ಪ್ರೆಸ್’ ರೈಫಲ್‌ಗಳು ಮೂತಿಯಲ್ಲಿ ಟೊಳ್ಳು ಕೊರೆದ ಹಗುರ ಗುಂಡನ್ನು ಹೆಚ್ಚು ಮದ್ದಿನಿಂದ ಹಾರಿಸುತ್ತಿದ್ದು, ಜಿಂಕೆಗಳ ಮೇಲೆ ಚೆನ್ನಾಗಿ ಕೆಲಸ ಮಾಡಿದ ಅವು ದೊಡ್ಡ ಪ್ರಾಣಿಗಳ ಮೈಯಲ್ಲಿ ಮೇಲ್ಪದರದಲ್ಲೇ ಒಡೆದುಹೋಗುತ್ತವೆ ಎಂಬ ದೂರಿಗೆ ಗುರಿಯಾದವು. ಭಾರತದಲ್ಲಿ ಸೇವೆಯಲ್ಲಿದ್ದ ಜೇಮ್ಸ್ ಫಾರ್ಸಿತ್ 1863ರಲ್ಲಿ ಬೇಟೆಯ ರೈಫಲ್ ಮತ್ತು ಅದರ ಗುಂಡುಗಳನ್ನೇ ವಿಷಯವಾಗಿಸಿಕೊಂಡು ಪುಸ್ತಕ ಪ್ರಕಟಿಸಿ ದೊಡ್ಡ ವ್ಯಾಸದ ದುಂಡನೆಯ ಗುಂಡಿನ ಪರ ವಾದಿಸಿದ್ದನ್ನು ನೋಡಿದರೆ, ಗುಂಡಿನ ರೂಪದ ಪ್ರಶ್ನೆ ಅಮೆರಿಕದ ಎಲ್ಕ್ ಬೇಟೆಗಾರರಿಗಿಂತ ಹಳೆಯದೆಂಬುದು ಸ್ಪಷ್ಟವಾಗುತ್ತದೆ.

ಹೊಗೆರಹಿತ ಮದ್ದು, ಲೋಹದ ಕವಚ, ಡಂಡಂ

ಸ್ವಿಟ್ಜರ್ಲೆಂಡಿನ ಎಡುವರ್ಡ್ ರುಬಿನ್ 1882ರಲ್ಲಿ ಸೀಸದ ಗುಂಡಿಗೆ ತಾಮ್ರದ ಕವಚ ತೊಡಿಸಿದ್ದು, ಫ್ರಾನ್ಸಿನ ಪಾಲ್ ವಿಯೇಲ್ 1884ರಲ್ಲಿ ಹೊಗೆರಹಿತ ಮದ್ದನ್ನು ಸಿದ್ಧಪಡಿಸಿದ್ದು, ಇವೆರಡೂ ಸೇರಿ ಬಂದೂಕಿನ ಚರಿತ್ರೆಯನ್ನೇ ತಿರುಗಿಸಿದವು. ಹೊಸ ಮದ್ದು ಕೊಟ್ಟ ವೇಗದಲ್ಲಿ ಬರಿಯ ಸೀಸ ನಳಿಗೆಯ ಸುರುಳಿಗೆರೆಗಳಿಗೆ ಮೆತ್ತಿಕೊಳ್ಳುತ್ತಿದ್ದುದರಿಂದ ಕವಚ ಅನಿವಾರ್ಯವಾಯಿತು. ಆದರೆ ಮೂತಿಯವರೆಗೂ ಕವಚ ಮುಚ್ಚಿದ ಸಣ್ಣ ವ್ಯಾಸದ ಗುಂಡು ಹರಡದೆ, ಕಿರಿದಾದ ರಂಧ್ರವನ್ನಷ್ಟೇ ಮಾಡಿ ದೇಹದಿಂದ ಹೊರಬೀಳುತ್ತಿತ್ತು. 1895ರ ಚಿತ್ರಾಲ್ ದಂಡಯಾತ್ರೆಯ ನಂತರ ಬ್ರಿಟಿಷ್ ಸೇನೆಯಲ್ಲಿ ಇದೇ ದೂರು ಎದ್ದಾಗ, ಕಲ್ಕತ್ತದ ಬಳಿಯ ಡಂಡಂ ಮದ್ದುಗುಂಡು ಕಾರ್ಖಾನೆಯ ಅಧಿಕಾರಿ ಬರ್ಟಿ-ಕ್ಲೇ ಮೂತಿಯಲ್ಲಿ ಸೀಸವನ್ನು ಬರಿದಾಗಿ ಬಿಟ್ಟ ಗುಂಡನ್ನು ರೂಪಿಸಿದ. ಮನುಷ್ಯನ ದೇಹದಲ್ಲಿ ಸುಲಭವಾಗಿ ಹರಡುವ ಗುಂಡುಗಳನ್ನು 1899ರ ಹೇಗ್ ಘೋಷಣೆ ಯುದ್ಧದಲ್ಲಿ ನಿಷೇಧಿಸಿತು. ಬೇಟೆಯ ಕ್ಷೇತ್ರದಲ್ಲಿ ಕಾನೂನು ಇದಕ್ಕೆ ತೀರ ವಿರುದ್ಧ ದಿಕ್ಕಿನಲ್ಲಿ ಸಾಗಿದ್ದು, ಇಂದು ಕೊಲರಾಡೊ ರಾಜ್ಯದಲ್ಲಿ ಎಲ್ಕ್ ಬೇಟೆಗೆ ಹರಡುವ ಗುಂಡೇ ಕಡ್ಡಾಯವಾಗಿದೆ. ಗುಂಡಿನ ತೂಕ 85 ಗ್ರೇನಿಗಿಂತ ಕಡಿಮೆಯಿರಬಾರದು, 100 ಗಜ ದೂರದಲ್ಲಿ ಅದರ ಶಕ್ತಿ 1000 ಅಡಿ-ಪೌಂಡಿಗಿಂತ ಇಳಿಯಬಾರದು ಎಂಬ ನಿಯಮಗಳೂ ಅಲ್ಲಿವೆ. ಗ್ರೇನ್ ಎಂಬುದು ಗುಂಡು ಮತ್ತು ಮದ್ದನ್ನು ತೂಗುವ ಅಳತೆಯಾಗಿದ್ದು, 7000 ಗ್ರೇನುಗಳು ಸೇರಿ ಒಂದು ಪೌಂಡು ಆಗುತ್ತದೆ.

ಮಧ್ಯಮ ವ್ಯಾಸದ ಉದಯ

ವಿಂಚೆಸ್ಟರ್ ಕಂಪನಿ 1902ರಲ್ಲಿ ಹೊರತಂದ .33 ವಿಂಚೆಸ್ಟರ್, ಜರ್ಮನಿಯ ಒಟ್ಟೊ ಬಾಕ್ 1905ರಲ್ಲಿ ರೂಪಿಸಿದ 9.3×62, ಬ್ರಿಟನ್ನಿನ ಹಾಲೆಂಡ್ ಅಂಡ್ ಹಾಲೆಂಡ್ ಸಂಸ್ಥೆಯ 1912ರ .375 ಮ್ಯಾಗ್ನಂ ಹಾಗೂ ಸೈನಿಕ ರೈಫಲ್ಲಿನ .30-06 ತೋಟಾದ ಕತ್ತನ್ನು ಅಗಲಿಸಿ 1922ರಲ್ಲಿ ಸಿದ್ಧಪಡಿಸಿದ .35 ವೀಲನ್, ಇವೆಲ್ಲವೂ ಮಧ್ಯಮ ವ್ಯಾಸದ ಮೊದಲ ತಲೆಮಾರಿಗೆ ಸೇರಿದವು. ಇವುಗಳ ಹಿಂದಿದ್ದ ತತ್ತ್ವವನ್ನು ಅಡ್ಡಕೊಯ್ತದ ಸಾಂದ್ರತೆ (ಸೆಕ್ಷನಲ್ ಡೆನ್ಸಿಟಿ) ಎಂಬ ಸಂಖ್ಯೆಯ ಮೂಲಕ ವಿವರಿಸಬಹುದು. ಗುಂಡಿನ ಪೌಂಡು ತೂಕವನ್ನು ಅದರ ಅಂಗುಲ ವ್ಯಾಸದ ವರ್ಗದಿಂದ ಭಾಗಿಸಿದರೆ ಬರುವ ಈ ಸಂಖ್ಯೆ ಹೆಚ್ಚಾದಷ್ಟೂ, ಉಳಿದ ಗುಣಗಳು ಸಮವಾಗಿದ್ದರೆ, ಗುಂಡು ಆಳಕ್ಕೆ ಇಳಿಯುತ್ತದೆ. .338 ವ್ಯಾಸದ 250 ಗ್ರೇನ್ ಗುಂಡಿನಲ್ಲಿ ಅದು 0.313 ಆಗಿದ್ದರೆ, .270 ವಿಂಚೆಸ್ಟರಿನ 130 ಗ್ರೇನ್ ಗುಂಡಿನಲ್ಲಿ 0.242 ಮಾತ್ರ. ಆದರೆ ಈ ಲೆಕ್ಕ ಗುಂಡು ಹೊಗುವ ಕ್ಷಣಕ್ಕೆ ಮಾತ್ರ ಅನ್ವಯಿಸುತ್ತದೆ. ದೇಹದೊಳಗೆ ಗುಂಡಿನ ಅರ್ಧ ತೂಕ ಚೂರುಗಳಾಗಿ ಉದುರಿದರೆ ಸಂಖ್ಯೆಯೂ ಅರ್ಧಕ್ಕಿಂತ ಕೆಳಗಿಳಿಯುತ್ತದೆ, ಏಕೆಂದರೆ ಆ ಹೊತ್ತಿಗೆ ವ್ಯಾಸವೂ ಹಿಗ್ಗಿರುತ್ತದೆ.

ಈ ಹಿನ್ನೆಲೆಯಲ್ಲಿ ಎಲ್ಮರ್ ಕೀತ್ (1899–1984) ಮತ್ತು ಜ್ಯಾಕ್ ಓಕಾನರ್ (1902–1978) ಎಂಬ ಇಬ್ಬರು ಲೇಖಕರ ನಡುವಿನ ದೀರ್ಘ ವಾಗ್ವಾದವನ್ನು ಮತ್ತೊಮ್ಮೆ ಓದಬೇಕಾಗುತ್ತದೆ. ಐಡಹೊ ರಾಜ್ಯದ ದಟ್ಟ ಕಾಡಿನಲ್ಲಿ ಬೇಟೆಯ ಮಾರ್ಗದರ್ಶಿಯಾಗಿದ್ದ ಕೀತ್, ಓಡುವ ಎಲ್ಕ್ ಬೆನ್ನು ತಿರುಗಿಸಿದಾಗಲೂ ಹಿಂಬದಿಯಿಂದ ಎದೆಗೂಡಿನವರೆಗೆ ತಲುಪಬಲ್ಲ 250 ಗ್ರೇನ್ ಮತ್ತು ಅದಕ್ಕೂ ಭಾರದ ಗುಂಡುಗಳನ್ನು ಬಯಸಿದ. 1925ರಲ್ಲಿ ಬಂದ .270 ವಿಂಚೆಸ್ಟರನ್ನು ಜನಪ್ರಿಯಗೊಳಿಸಿದ ಓಕಾನರ್, ತಾಳ್ಮೆಯಿಂದ ಕಾದು ಜೀವಸ್ಥಾನಕ್ಕೆ ನಿಖರವಾಗಿ ಇಟ್ಟ ಈಡಿಗೆ ಹಗುರವಾದ ವೇಗದ ಗುಂಡೇ ಸಾಕೆಂದು ಪ್ರತಿಪಾದಿಸಿದ. ಅಂದಿನ ಸಾಧಾರಣ ಗುಂಡುಗಳಲ್ಲಿ ತೆಳುವಾದ ಕವಚ ಮತ್ತು ಮೆದು ಸೀಸದ ತಿರುಳಷ್ಟೇ ಇದ್ದು, ಹೆಚ್ಚಿನ ವೇಗದಲ್ಲಿ ಮೂಳೆಗೆ ಬಡಿದಾಗ ಅವು ಒಡೆದುಹೋಗುವ ಸಂಭವವಿತ್ತು. ಒಡೆದು ಉಳಿದ ಭಾಗವೂ ಸಾಕಷ್ಟು ದೊಡ್ಡದಾಗಿರಬೇಕೆಂದರೆ ಆರಂಭದ ತೂಕವೇ ಹೆಚ್ಚಿರಬೇಕೆಂಬುದು ಕೀತನ ನಿಲುವಿನ ಒಳತಿರುಳಾಗಿದ್ದು, ಓಕಾನರ್ ಅದೇ ಕೊರತೆಯನ್ನು ಈಡಿನ ಕೋನವನ್ನು ಆಯ್ದುಕೊಳ್ಳುವ ಮೂಲಕ ತಪ್ಪಿಸಿಕೊಂಡ ಎನ್ನಬಹುದು.

ತೋಟಾ ತುಂಬುವವರ ಕಾರ್ಯಾಗಾರ

ಹಾರಿಸಿದ ಹಿತ್ತಾಳೆ ತೋಟಾದ ಚಿಪ್ಪನ್ನು ಮತ್ತೆ ಅಳತೆಗೆ ತಂದು, ಹೊಸ ಕೇಪು ಕೂರಿಸಿ, ತೂಗಿದ ಮದ್ದು ಸುರಿದು, ಬೇಕಾದ ಗುಂಡನ್ನು ಇಡುವ ಹ್ಯಾಂಡ್‌ಲೋಡಿಂಗ್ ಎಂಬ ರೂಢಿ ಮೇಲುನೋಟಕ್ಕೆ ಹಣ ಉಳಿಸುವ ಉಪಾಯವಾಗಿ ಕಂಡರೂ, ಕಾರ್ಖಾನೆ ತಯಾರಿಸದ ತೋಟಾಗಳನ್ನು ಪ್ರಯೋಗಿಸಿ ನೋಡುವ ಅವಕಾಶವನ್ನೂ ಅದು ಒದಗಿಸಿತು. ಫಿಲ್ ಶಾರ್ಪ್ 1937ರಲ್ಲಿ ಪ್ರಕಟಿಸಿದ ಬೃಹತ್ ಕೈಪಿಡಿ ಈ ವಿದ್ಯೆಗೆ ಶಿಸ್ತು ತಂದಿತು. ಎರಡನೆಯ ಮಹಾಯುದ್ಧದ ಕಾಲದಲ್ಲಿ ಕಾರ್ಖಾನೆಗಳೆಲ್ಲ ಸೇನೆಯ ಕೆಲಸದಲ್ಲಿ ಮುಳುಗಿ ಬೇಟೆಯ ಗುಂಡುಗಳಿಗೆ ಬರ ಬಂದಾಗ, ಐಡಹೊದ ಲೂಯಿಸ್ಟನ್‌ನಲ್ಲಿ ನೆಲೆಸಿದ ವರ್ನನ್ ಸ್ಪೀರ್ ಗುಂಡು ತಯಾರಿಕೆಗೆ ಇಳಿದ. ಕ್ಯಾಲಿಫೋರ್ನಿಯಾದ ಫ್ರೆಡ್ ಹಂಟಿಂಗ್ಟನ್ ಖಾಲಿಯಾದ .22 ತೋಟಾಗಳ ಚಿಪ್ಪನ್ನೇ ಗುಂಡಿನ ಕವಚವಾಗಿ ಒತ್ತುವ ಅಚ್ಚುಗಳನ್ನು ಮಾಡಿದ. 1949ರಲ್ಲಿ ಜಾಯ್ಸ್ ಹಾರ್ನಡಿ ನೆಬ್ರಾಸ್ಕದಲ್ಲಿ ತನ್ನ ಸಂಸ್ಥೆ ತೆರೆದ. ಯುದ್ಧ ಮುಗಿದು ಸೇನೆಯ ಹೆಚ್ಚುವರಿ ಮದ್ದು ಮಾರಾಟಕ್ಕೆ ಬಂದಾಗ ಬ್ರೂಸ್ ಹಾಜ್ಡನ್ ಅದನ್ನು ಕೊಂಡು ಬೇಟೆಗಾರರಿಗೆ ಅಗ್ಗವಾಗಿ ಮಾರಿದ. ಅದರಲ್ಲಿ 20 ಮಿಲಿಮೀಟರ್ ಫಿರಂಗಿಗಾಗಿ ತಯಾರಾಗಿದ್ದ, 4831 ಎಂಬ ನಿಧಾನವಾಗಿ ಉರಿಯುವ ಮದ್ದು ದೊಡ್ಡ ಚಿಪ್ಪಿನ ಮ್ಯಾಗ್ನಂ ತೋಟಾಗಳಿಗೆ ಹೇಳಿಮಾಡಿಸಿದಂತಿತ್ತು. ಮದ್ದು ನಿಧಾನವಾಗಿ ಉರಿದಾಗ ಒತ್ತಡ ಒಮ್ಮೆಲೇ ಮಿತಿ ಮೀರದೆ ಗುಂಡನ್ನು ನಳಿಗೆಯ ಉದ್ದಕ್ಕೂ ತಳ್ಳುತ್ತಿರುತ್ತದೆಯಾದ್ದರಿಂದ ಭಾರದ ಗುಂಡಿಗೂ ಒಳ್ಳೆಯ ವೇಗ ಸಿಗುತ್ತದೆ.

ಓನೀಲ್, ಕೀತ್, ಹಾಪ್ಕಿನ್ಸ್ ಎಂಬ ಮೂವರು ಹ್ಯಾಂಡ್‌ಲೋಡರುಗಳು ಕೂಡಿ .30-06 ಚಿಪ್ಪಿನ ಕತ್ತನ್ನು ಬ್ರಿಟಿಷ್ .333 ಗುಂಡಿಗೆ ತಕ್ಕಂತೆ ಅಗಲಿಸಿ ರೂಪಿಸಿದ .333 ಒಕೆಎಚ್ ತೋಟಾ ಇಂತಹ ಖಾಸಗಿ ಪ್ರಯೋಗಗಳಲ್ಲಿ ಮುಖ್ಯವಾದದ್ದು. ವಿಂಚೆಸ್ಟರ್ 1958ರಲ್ಲಿ .375 ಮ್ಯಾಗ್ನಂನ ಪಟ್ಟಿಯುಳ್ಳ ಚಿಪ್ಪನ್ನು ಗಿಡ್ಡಗೊಳಿಸಿ .338 ವಿಂಚೆಸ್ಟರ್ ಮ್ಯಾಗ್ನಂ ಅನ್ನು ಬಿಡುಗಡೆ ಮಾಡಿದಾಗ, ಹ್ಯಾಂಡ್‌ಲೋಡರುಗಳು ಮೊದಲೇ ತುಳಿದಿದ್ದ ದಾರಿಯಲ್ಲಿ ಕಾರ್ಖಾನೆ ಹೆಜ್ಜೆಯಿಟ್ಟಂತಾಯಿತು. .35 ವೀಲನ್ ಆರು ದಶಕಗಳಿಗೂ ಹೆಚ್ಚು ಕಾಲ ಇವರ ಕೈಯಲ್ಲೇ ಬದುಕಿದ್ದು, 1980ರ ದಶಕದ ಕೊನೆಯಲ್ಲಿ ರೆಮಿಂಗ್ಟನ್ ಕಂಪನಿಯ ಪಟ್ಟಿಗೆ ಸೇರಿತು. ವೇಗವನ್ನು ಅಳೆಯುವ ಕ್ರೋನೋಗ್ರಾಫ್ ಯಂತ್ರ 1960ರ ದಶಕದಿಂದ ಖಾಸಗಿ ಕೈಗಳಿಗೂ ಎಟುಕಿದ ಬಳಿಕ, ಗುಂಡಿನ ರಚನೆಗೆ ಹೊಂದುವ ವೇಗವನ್ನು ಊಹೆಯಿಂದಲ್ಲದೆ ಅಳತೆಯಿಂದಲೇ ನಿರ್ಧರಿಸುವುದು ಸಾಧ್ಯವಾಯಿತು.

ಗುಂಡಿನೊಳಗಿನ ಗೋಡೆ

ಹರಡುವಿಕೆಗೆ ಕಡಿವಾಣ ಹಾಕುವ ಯತ್ನಗಳು ಕಾರ್ಖಾನೆಗಳಲ್ಲೂ ನಡೆದಿದ್ದು, ಒಳಗೋಡೆಗೆ ದಪ್ಪ ಕೊಟ್ಟು ತಿರುಳನ್ನು ಹಿಡಿದಿಡುವ ರೆಮಿಂಗ್ಟನ್‌ನ ಕೋರ್-ಲಾಕ್ಟ್ 1939ರಲ್ಲಿ ಬಂದಿತ್ತು. ಕವಚವನ್ನು ಸೊಂಟದಲ್ಲಿ ಒಳಕ್ಕೆ ಮಡಿಸಿದ ಎಚ್-ಮಾಂಟೆಲ್ ಗುಂಡು ಯುದ್ಧಕ್ಕೂ ಮೊದಲೇ ಜರ್ಮನಿಯಲ್ಲಿ ಬಳಕೆಯಲ್ಲಿತ್ತು. ನಿರ್ಣಾಯಕ ಹೆಜ್ಜೆಯನ್ನಿಟ್ಟವನು ಜಾನ್ ನಾಸ್ಲರ್. 1946ರಲ್ಲಿ ಕೆನಡಾದ ಬ್ರಿಟಿಷ್ ಕೊಲಂಬಿಯಾದಲ್ಲಿ ಕೆಸರು ಮೆತ್ತಿದ ಮೂಸ್ ಎಂಬ ಭಾರೀ ಜಿಂಕೆಯ ಮೇಲೆ .300 ಮ್ಯಾಗ್ನಂ ರೈಫಲ್ಲಿನ ಗುಂಡುಗಳು ಆಳಕ್ಕಿಳಿಯದೆ ಒಡೆದುದನ್ನು ಕಂಡ ಆತ, ತಾಮ್ರಮಿಶ್ರಲೋಹದ ಸರಳನ್ನು ಎರಡೂ ತುದಿಗಳಿಂದ ಕೊರೆದು ನಡುವೆ ಗೋಡೆಯೊಂದನ್ನು ಉಳಿಸಿ, ಮುಂದಿನ ಮತ್ತು ಹಿಂದಿನ ಕುಳಿಗಳಲ್ಲಿ ಪ್ರತ್ಯೇಕವಾಗಿ ಸೀಸ ತುಂಬಿದ. 1948ರಲ್ಲಿ ಒರೆಗಾನ್ ರಾಜ್ಯದಲ್ಲಿ ಆತ ಸ್ಥಾಪಿಸಿದ ಸಂಸ್ಥೆಯಿಂದ ಪಾರ್ಟಿಷನ್ ಎಂಬ ಹೆಸರಿನಲ್ಲಿ ಮಾರಾಟವಾದ ಈ ಗುಂಡಿನಲ್ಲಿ ಮುಂಭಾಗ ಬೇಗನೆ ಹರಡಿ ಸ್ವಲ್ಪಮಟ್ಟಿಗೆ ಉದುರಿದರೂ, ಗೋಡೆಯ ಹಿಂದಿನ ಭಾಗ ಇಡಿಯಾಗಿ ಉಳಿದು ಮುನ್ನುಗ್ಗುತ್ತಿತ್ತು. ಹರಡುವ ಹೊಣೆಯನ್ನು ಒಂದು ಭಾಗಕ್ಕೂ ಆಳಕ್ಕಿಳಿಯುವ ಹೊಣೆಯನ್ನು ಇನ್ನೊಂದಕ್ಕೂ ಹಂಚಿದ್ದರಿಂದ, ಎರಡು ಗುಣಗಳ ನಡುವಿನ ಹಗ್ಗಜಗ್ಗಾಟ ಗುಂಡಿನ ರಚನೆಯೊಳಗೇ ಇತ್ಯರ್ಥವಾಯಿತು. .338 ರೈಫಲ್ ಹೊಂದಿದವರಿಗೆ ಇದರ ಫಲವಾಗಿ 250 ಗ್ರೇನಿನ ಜತೆಗೆ 210 ಗ್ರೇನಿನ ಪಾರ್ಟಿಷನ್ ಕೂಡ ಎಲ್ಕ್‌ಗೆ ಯೋಗ್ಯವಾದ ಆಯ್ಕೆಯಾಯಿತು.

ಎರಡನೆಯ ದಾರಿ ಕವಚವನ್ನೂ ತಿರುಳನ್ನೂ ಬೆಸೆಯುವುದು. ಲೂಯಿಸ್ಟನ್‌ನ ಬಿಲ್ ಸ್ಟೈಗರ್ಸ್ ಶುದ್ಧ ತಾಮ್ರದ ಕವಚಕ್ಕೆ ಸೀಸವನ್ನು ಬೆಸುಗೆ ಹಾಕಿ ಬಿಟರ್‌ರೂಟ್ ಎಂಬ ಗುಂಡನ್ನು ಸಣ್ಣ ಪ್ರಮಾಣದಲ್ಲಿ ತಯಾರಿಸಿದ. ಜ್ಯಾಕ್ ಕಾರ್ಟರನ ಬೇರ್ ಕ್ಲಾ ಗುಂಡು ಈ ತತ್ತ್ವವನ್ನು ಮುಂದುವರಿಸಿತು. 2003ರಲ್ಲಿ ನಾಸ್ಲರ್ ಸಂಸ್ಥೆಯ ಅಕ್ಯುಬಾಂಡ್ ಬರುವ ಹೊತ್ತಿಗೆ ಬೆಸೆದ ಗುಂಡು ಸಾಮಾನ್ಯ ಬೇಟೆಗಾರನ ಕೈಗೂ ಬಂದಿತ್ತು. ಮೂರನೆಯ ದಾರಿ ಸೀಸವನ್ನೇ ಕೈಬಿಡುವುದು. ಬಾರ್ನ್ಸ್ ಸಂಸ್ಥೆಯ ರ‍್ಯಾಂಡಿ ಬ್ರೂಕ್ಸ್ 1989ರಲ್ಲಿ ಹೊರತಂದ ಎಕ್ಸ್ ಗುಂಡು ಪೂರ್ತಿ ತಾಮ್ರದ್ದಾಗಿದ್ದು, ಮೂತಿಯ ಕುಳಿ ಸೀಳಿ ನಾಲ್ಕು ದಳಗಳಾಗಿ ಹಿಂದಕ್ಕೆ ಮಡಚಿಕೊಂಡರೂ ತೂಕ ಬಹುತೇಕ ಉಳಿಯುತ್ತಿತ್ತು. ತಾಮ್ರ ನಳಿಗೆಗೆ ಮೆತ್ತುವುದು ಮತ್ತು ಒತ್ತಡ ಏರುವುದು ಅದರ ಆರಂಭದ ದೋಷಗಳಾಗಿದ್ದವು. 2003ರ ಆವೃತ್ತಿಯಲ್ಲಿ ಮೈಸುತ್ತ ತೋಡುಗಳನ್ನು ಕೊರೆದು ನಳಿಗೆಗೆ ತಗಲುವ ಮೈಯನ್ನು ತಗ್ಗಿಸಲಾಯಿತು. ತಾಮ್ರದ ಸಾಂದ್ರತೆ ಘನ ಸೆಂಟಿಮೀಟರಿಗೆ 8.96 ಗ್ರಾಂ, ಸೀಸದ್ದು 11.34 ಗ್ರಾಂ ಇರುವುದರಿಂದ, ಅಷ್ಟೇ ತೂಕದ ತಾಮ್ರದ ಗುಂಡು ಹೆಚ್ಚು ಉದ್ದವಾಗಿ ಚಿಪ್ಪಿನೊಳಗೆ ಮದ್ದಿನ ಜಾಗವನ್ನು ಕಬಳಿಸುತ್ತದೆ. ಈ ಕಾರಣದಿಂದ ಒಂದೇ ತೂಕದ ಎರಡು ಗುಂಡುಗಳಿಗೆ ಒಂದೇ ಪ್ರಮಾಣದ ಮದ್ದು ಸುರಿಯುವ ಹಳೆಯ ಅಭ್ಯಾಸ ಅಪಾಯಕಾರಿಯಾಗಿ, ತಯಾರಕರು ಪ್ರತಿ ಗುಂಡಿಗೂ ಪ್ರತ್ಯೇಕವಾಗಿ ಪರೀಕ್ಷಿಸಿ ಪ್ರಕಟಿಸಿದ ಕೋಷ್ಟಕವನ್ನೇ ಅನುಸರಿಸುವುದು ಕಟ್ಟುನಿಟ್ಟಿನ ನಿಯಮವಾಯಿತು.

ಕಾನೂನು, ಹದ್ದು ಮತ್ತು ತಾಮ್ರ

ಗುಂಡಿನ ಆಯ್ಕೆ ಬೇಟೆಗಾರನ ಸ್ವಂತ ವಿಚಾರವಾಗಿ ಉಳಿಯದಿರುವುದಕ್ಕೆ ಎಲ್ಕ್‌ನ ಸಂರಕ್ಷಣೆಯ ಚರಿತ್ರೆಯೂ ಕಾರಣ. ಮಿತಿಯಿಲ್ಲದ ಬೇಟೆಯಿಂದ ಇಪ್ಪತ್ತನೆಯ ಶತಮಾನದ ಆರಂಭದ ವೇಳೆಗೆ ಎಲ್ಕ್‌ಗಳ ಸಂಖ್ಯೆ ಒಂದು ಲಕ್ಷಕ್ಕಿಂತ ಕೆಳಗಿಳಿದಿತ್ತು. 1912ರಲ್ಲಿ ವಯೋಮಿಂಗ್‌ನ ಜ್ಯಾಕ್ಸನ್‌ನಲ್ಲಿ ರಾಷ್ಟ್ರೀಯ ಎಲ್ಕ್ ಆಶ್ರಯಧಾಮ ಸ್ಥಾಪನೆಯಾಯಿತು. 1937ರ ಪಿಟ್‌ಮನ್-ರಾಬರ್ಟ್‌ಸನ್ ಕಾಯಿದೆ ಬಂದೂಕು ಮತ್ತು ಮದ್ದುಗುಂಡುಗಳ ಮೇಲಿನ ತೆರಿಗೆಯನ್ನು ವನ್ಯಜೀವಿ ಕಾರ್ಯಕ್ಕೆ ಮೀಸಲಿಟ್ಟಿತು. ಇಂತಹ ಕ್ರಮಗಳ ನಡುವೆ ಚೇತರಿಸಿಕೊಂಡ ಎಲ್ಕ್‌ಗಳ ಸಂಖ್ಯೆ ಇಂದು ಹತ್ತು ಲಕ್ಷದ ಆಸುಪಾಸಿನಲ್ಲಿದೆ. ಬೇಟೆ ಪರವಾನಗಿ ಮತ್ತು ಋತುಗಳ ಕಟ್ಟಿಗೆ ಒಳಪಟ್ಟು, ವರ್ಷಕ್ಕೊಂದು ಪ್ರಾಣಿ, ಅದೂ ಕೆಲವೇ ದಿನಗಳ ಅವಧಿ ಎಂದಾದಾಗ, ಯಾವ ಕೋನದಲ್ಲೂ ಕೈಕೊಡದ ಗುಂಡಿಗೆ ಬೇಟೆಗಾರ ಹೆಚ್ಚಿನ ಬೆಲೆ ತೆರಲು ಸಿದ್ಧನಾದದ್ದು ಸಹಜ. ಗುಂಡಿನ ಮೇಲೆ ಕಾನೂನಿನ ಒತ್ತಡ ಇನ್ನೊಂದು ಕಡೆಯಿಂದಲೂ ಬಂತು: 1987ರಲ್ಲಿ ಕಾಡಿನಲ್ಲುಳಿದ ಕೊನೆಯ ಹಕ್ಕಿಯೂ ಸೆರೆಯಾದ ಬಳಿಕ, ಪಂಜರದಲ್ಲಿ ಸಂತಾನವೃದ್ಧಿ ಮಾಡಿ ಮತ್ತೆ ಬಿಡಲಾದ ಕ್ಯಾಲಿಫೋರ್ನಿಯಾ ಕಾಂಡೋರ್ ಎಂಬ ಬೃಹತ್ ರಣಹದ್ದುಗಳು, ಬೇಟೆಗಾರರು ಬಿಟ್ಟುಹೋದ ಕರುಳುಗಳಲ್ಲಿನ ಸೀಸದ ಚೂರುಗಳನ್ನು ನುಂಗಿ ವಿಷಕ್ಕೆ ಬಲಿಯಾಗುತ್ತಿದ್ದುದು ಬೆಳಕಿಗೆ ಬಂತು. ಕ್ಯಾಲಿಫೋರ್ನಿಯಾ ರಾಜ್ಯ 2007ರಲ್ಲಿ ಕಾಂಡೋರ್ ವಲಯಕ್ಕೆ ಅನ್ವಯಿಸುವ ಕಾನೂನು ಮಾಡಿ, 2013ರ ಕಾಯಿದೆಯ ಮೂಲಕ 2019ರ ಜುಲೈ 1ರಿಂದ ರಾಜ್ಯದಾದ್ಯಂತ ಬೇಟೆಯಲ್ಲಿ ಸೀಸದ ಗುಂಡನ್ನು ನಿಷೇಧಿಸಿತು. ಆಳಕ್ಕಿಳಿಯಲೆಂದು ಹುಟ್ಟಿದ ತಾಮ್ರದ ಗುಂಡಿಗೆ, ಚೂರುಗಳನ್ನು ಉದುರಿಸದ ಅದೇ ಗುಣದಿಂದಾಗಿ, ಎರಡನೆಯ ಸಮರ್ಥನೆಯೊಂದು ದೊರೆಯಿತು.

ಸಮಾರೋಪ

ಗುಂಡು ಒಡೆಯುತ್ತಿದ್ದ ಕಾಲದಲ್ಲಿ ತೂಕವೇ ವಿಮೆಯಾಗಿದ್ದು, ಆ ತೂಕವನ್ನು ಹೊರಲು ಮಧ್ಯಮ ವ್ಯಾಸ ಬೇಕಾಗಿತ್ತು. ಗೋಡೆ, ಬೆಸುಗೆ ಮತ್ತು ಘನ ತಾಮ್ರ ಎಂಬ ಮೂರು ಪರಿಹಾರಗಳು ತೂಕವನ್ನು ಉಳಿಸುವ ಬೇರೆ ದಾರಿಗಳನ್ನು ತೋರಿಸಿದ ಮೇಲೆ, .338ರಲ್ಲಿ 185 ಗ್ರೇನಿನ ತಾಮ್ರದ ಗುಂಡೂ ಎಲ್ಕ್ ಬೇಟೆಗೆ ಒಪ್ಪಿತವಾಗಿ, ಕೀತ್ ಅನಿವಾರ್ಯವೆಂದು ಸಾರಿದ ವ್ಯಾಸ ಹಲವು ಆಯ್ಕೆಗಳಲ್ಲೊಂದಾಗಿ ಉಳಿಯಿತು. ಹಾಗೆಂದು ಹರಡುವಿಕೆ ಮತ್ತು ಆಳಗಳ ನಡುವಿನ ವಿರೋಧ ಅಳಿದಿದೆ ಎನ್ನಲಾಗದು. 1946ರಲ್ಲಿ ನಾಸ್ಲರನ ಮೂಸ್ ಬೇಟೆಯಲ್ಲಿ ಗುಂಡು ಸೋತದ್ದು ವೇಗ ಹೆಚ್ಚಾಗಿ ಒಡೆದದ್ದರಿಂದ; ಇಂದಿನ ಗಟ್ಟಿ ಗುಂಡುಗಳು, ಅದರಲ್ಲೂ ತಾಮ್ರದವು, ದೂರದ ಈಡುಗಳಲ್ಲಿ ವೇಗ ಕುಗ್ಗಿದಾಗ ಬಾಯಿ ತೆರೆಯದೆ, ಹಿಂದಿನ ಪೂರ್ಣ ಕವಚದ ಗುಂಡಿನಂತೆ ಕಿರಿದಾದ ರಂಧ್ರ ಮಾಡಿ ಹಾಯ್ದುಹೋಗುವ ಅಪಾಯವಿದೆ. ಆದ್ದರಿಂದಲೇ ಗುಂಡಿನ ತೂಕವನ್ನಾಗಲಿ ನಳಿಗೆಯ ವ್ಯಾಸವನ್ನಾಗಲಿ ಪ್ರತ್ಯೇಕವಾಗಿ ಹೋಲಿಸುವ ವಾದಗಳು ಚರಿತ್ರೆಯ ದೃಷ್ಟಿಯಿಂದ ಅಪೂರ್ಣವಾಗಿದ್ದು, ನಿರ್ದಿಷ್ಟ ರಚನೆಯ ಗುಂಡು ಎಷ್ಟು ವೇಗದಿಂದ ಎಷ್ಟು ವೇಗದವರೆಗೆ ನೆಚ್ಚಿಕೆಯಿಂದ ಕೆಲಸ ಮಾಡುತ್ತದೆ, ಆ ಮಿತಿಯೊಳಗೇ ಈಡು ನಡೆಯುವಂತೆ ತೋಟಾವನ್ನು ಹೇಗೆ ಹೊಂದಿಸಿಕೊಳ್ಳಲಾಗಿದೆ ಎಂಬುದನ್ನು ಕೇಳಿದಾಗ ಮಾತ್ರ ಆಯ್ಕೆಯ ನಿಜವಾದ ಆಧಾರ ಗೋಚರಿಸುತ್ತದೆ.