ಬಾಗಿಲು ಮುಚ್ಚದ ಮಸ್ಕತ್

1979ರ ಮಾರ್ಚ್‌ನಲ್ಲಿ ಈಜಿಪ್ಟ್ ಇಸ್ರೇಲಿನೊಂದಿಗೆ ಶಾಂತಿ ಒಪ್ಪಂದಕ್ಕೆ ಸಹಿ ಹಾಕಿದಾಗ ಅರಬ್ ಜಗತ್ತು ಕೆರಳಿತು. ಅರಬ್ ಲೀಗ್ ಈಜಿಪ್ಟನ್ನು ಅಮಾನತು ಮಾಡಿತು. ಲೀಗಿನ ಕೇಂದ್ರ ಕಚೇರಿಯೇ ಕೈರೋ ಬಿಟ್ಟು ಟ್ಯೂನಿಸ್‌ಗೆ ಹೋಯಿತು. ಒಂದರ ಹಿಂದೊಂದು ಅರಬ್ ದೇಶಗಳು ಕೈರೋದೊಂದಿಗೆ ರಾಜತಾಂತ್ರಿಕ ಸಂಬಂಧ ಕಡಿದುಕೊಂಡವು. ಕಡಿದುಕೊಳ್ಳದೆ ಉಳಿದವು ಮೂರೇ: ಸುಡಾನ್, ಸೊಮಾಲಿಯಾ ಮತ್ತು ಒಮಾನ್.

ಫೆಲೆಸ್ತೀನ್‌ಗೆ ಬಗೆದ ದ್ರೋಹವೆಂದು ಆಗ ಅನೇಕರು ಒಮಾನನ್ನು ದೂರಿದರು. ಆ ಮಾತಿನಲ್ಲಿ ನೋವಿತ್ತು, ನ್ಯಾಯವೂ ಇತ್ತು. ಆದರೆ ಹತ್ತು ವರ್ಷಗಳಲ್ಲಿ, 1989ರಲ್ಲಿ, ಅರಬ್ ಲೀಗ್ ಈಜಿಪ್ಟನ್ನು ಮರಳಿ ಸೇರಿಸಿಕೊಂಡಿತು. ಮುನಿಸಿಕೊಂಡವರೆಲ್ಲ ಒಬ್ಬೊಬ್ಬರಾಗಿ ಕೈರೋಗೆ ವಾಪಸಾದರು. ಒಮಾನ್ ವಾಪಸಾಗಬೇಕಾದ ಪ್ರಮೇಯವೇ ಇರಲಿಲ್ಲ, ಅದು ಎದ್ದು ಹೋಗಿರಲೇ ಇಲ್ಲ.

ಜನಸಂಖ್ಯೆಯಲ್ಲಿ ಒಮಾನ್ ನಮ್ಮ ಬೆಂಗಳೂರಿಗಿಂತ ಚಿಕ್ಕದು. ಎದುರು ದಡದಲ್ಲಿ ಇರಾನ್, ಪಕ್ಕದಲ್ಲಿ ಸೌದಿ ಅರೇಬಿಯಾ, ಬೆನ್ನಿಗೆ ಯಮನ್. ಹೋರ್ಮುಝ್ ಜಲಸಂಧಿಯಲ್ಲಿ ಹಡಗುಗಳು ಸಾಗುವ ದಾರಿ ಒಮಾನಿನ ಕಡಲಲ್ಲಿದೆ. ಇಂಥ ಜಾಗದಲ್ಲಿರುವ ಸಣ್ಣ ದೇಶಕ್ಕೆ ಯಾರೊಂದಿಗೂ ಜಗಳ ಕಟ್ಟಿಕೊಂಡು ಬದುಕುವ ಅನುಕೂಲವಿಲ್ಲ.

ಈ ಪಾಠವನ್ನು ಮಸ್ಕತ್ ಕಲಿತ ಕಥೆಯಲ್ಲಿ ನಮ್ಮ ಕರಾವಳಿಗೂ ಒಂದು ಪಾತ್ರವಿದೆ. ಹದಿನೆಂಟನೆಯ ಶತಮಾನದಲ್ಲಿ ಒಮಾನಿಗಳು ಉಣ್ಣುತ್ತಿದ್ದ ಅಕ್ಕಿಯಲ್ಲಿ ಒಂದು ಭಾಗ ಮಂಗಳೂರಿನಿಂದ ಹೋಗುತ್ತಿತ್ತು. ಟಿಪ್ಪು ಸುಲ್ತಾನ್ ಮಸ್ಕತ್‌ನಲ್ಲಿ ವ್ಯಾಪಾರದ ಕೋಠಿ ಇಟ್ಟಿದ್ದರು, ಮಸ್ಕತ್‌ನ ವರ್ತಕರಿಗೆ ಮೈಸೂರಿನ ಬಂದರುಗಳಲ್ಲಿ ಸುಂಕದ ರಿಯಾಯಿತಿ ಕೊಟ್ಟಿದ್ದರು. 1786ರಲ್ಲಿ ಅವರು ಇಸ್ತಾಂಬುಲಿಗೆ ಕಳಿಸಿದ ರಾಯಭಾರ ತಂಡವೂ ತದಡಿಯಿಂದ ಹೊರಟು ಮಸ್ಕತ್ ಮಾರ್ಗವಾಗಿಯೇ ಹೋಯಿತು. ಆದರೆ ಒಮಾನಿನ ಹಡಗುಗಳಿಗೆ ಮುಂಬೈಯೂ ಬೇಕಿತ್ತು, ಮುಂಬೈ ಇದ್ದದ್ದು ಈಸ್ಟ್ ಇಂಡಿಯಾ ಕಂಪೆನಿಯ ಕೈಯಲ್ಲಿ. ನೆಪೋಲಿಯನ್ ಈಜಿಪ್ಟಿಗೆ ಬಂದಿಳಿದ 1798ರಲ್ಲೇ, ಅಕ್ಟೋಬರ್‌ನಲ್ಲಿ, ಮಸ್ಕತ್‌ನ ದೊರೆ ಸುಲ್ತಾನ್ ಬಿನ್ ಅಹ್ಮದ್ ಫ್ರೆಂಚರನ್ನು ದೂರವಿಡುವುದಾಗಿ ಕಂಪೆನಿಗೆ ಕರಾರು ಬರೆದುಕೊಟ್ಟರು. ಮೂರು ತಿಂಗಳ ನಂತರ ನೆಪೋಲಿಯನ್ ಟಿಪ್ಪುವಿಗೆ ಪತ್ರ ಬರೆದು, ತಲುಪಿಸಿಕೊಡಿ ಎಂದು ಕೇಳಿದ್ದು ಇದೇ ಮಸ್ಕತ್‌ನ ದೊರೆಯನ್ನು! ಪತ್ರ ದಾರಿಯಲ್ಲೇ ಇಂಗ್ಲಿಷರ ಕೈಗೆ ಬಿತ್ತು. 1799ರ ಮೇ 4ರಂದು ಶ್ರೀರಂಗಪಟ್ಟಣ ಪತನವಾಯಿತು.

ಅಂದು ಕಂಪೆನಿಯ ಕಡೆಗೆ ವಾಲಿದ್ದಕ್ಕೆ ಒಮಾನ್ ತೆತ್ತ ಬೆಲೆ ದೊಡ್ಡದು. 1840ರಲ್ಲಿ ತನ್ನದೇ ಹಡಗು ‘ಸುಲ್ತಾನಾ’ವನ್ನು ಉಡುಗೊರೆಗಳೊಂದಿಗೆ ನ್ಯೂಯಾರ್ಕಿಗೆ ಕಳಿಸುವಷ್ಟು ಸ್ವತಂತ್ರವಾಗಿದ್ದ ದೇಶ, ಮುಂದಿನ ನೂರು ವರ್ಷಗಳಲ್ಲಿ ಬ್ರಿಟಿಷರ ನೆರಳಿನಲ್ಲಿ ಮುದುಡಿಹೋಯಿತು. 1950ರ ದಶಕದಲ್ಲಿ ಕೆಲವು ವರ್ಷ ಸುಲ್ತಾನರ ವಿದೇಶಾಂಗ ಸಚಿವರಾಗಿದ್ದವರೂ ಒಬ್ಬ ಬ್ರಿಟಿಷರೇ.

1970ರ ಜುಲೈ 23ರಂದು ಸುಲ್ತಾನ್ ಕಾಬೂಸ್ ತಂದೆಯನ್ನು ಕೆಳಗಿಳಿಸಿ ಅಧಿಕಾರ ಹಿಡಿದಾಗ (ಅದರಲ್ಲೂ ಬ್ರಿಟಿಷರ ಕೈವಾಡವಿತ್ತು) ವಿದೇಶಾಂಗ ಸಚಿವಾಲಯವನ್ನು ಬಹುಮಟ್ಟಿಗೆ ಬರಿಗೈಯಿಂದ ಕಟ್ಟಬೇಕಾಯಿತು. ಮರುವರ್ಷ ಅರಬ್ ಲೀಗ್ ಮತ್ತು ವಿಶ್ವಸಂಸ್ಥೆಯ ಸದಸ್ಯತ್ವ ದೊರೆಯಿತು. ಮುಂದೆ ಬಹುಕಾಲ ವಿದೇಶಾಂಗ ಖಾತೆಯನ್ನು ಸುಲ್ತಾನರೇ ಇಟ್ಟುಕೊಂಡರು. ಆ ಕೆಲಸ ನೋಡಿಕೊಂಡವರಿಗೆ ‘ವಿದೇಶಾಂಗ ವ್ಯವಹಾರಗಳ ಹೊಣೆಹೊತ್ತ ಸಚಿವ’ ಎಂದಷ್ಟೇ ಪದನಾಮ.

ಆ ಹೊಣೆಯನ್ನು ಬಹಳ ಕಾಲ ಹೊತ್ತವರು ಯೂಸುಫ್ ಬಿನ್ ಅಲವಿ. ಅವರ ಹಿನ್ನೆಲೆ ವಿಶೇಷವಾದದ್ದು. ದಕ್ಷಿಣದ ಧೋಫಾರ್ ಪ್ರಾಂತದಲ್ಲಿ ಸುಲ್ತಾನರ ವಿರುದ್ಧ ದಂಗೆ ಎದ್ದಿದ್ದವರ ಜೊತೆ ಅವರೂ ಇದ್ದರು, ಆ ಸಂಘಟನೆಯ ಪರವಾಗಿ ಕೈರೋದಲ್ಲಿ ಕೆಲಸ ಮಾಡಿದ್ದರು. ಕಾಬೂಸ್ ಕ್ಷಮಾದಾನ ಘೋಷಿಸಿದರು, ಯೂಸುಫ್ ಮರಳಿದರು. ನಿನ್ನೆಯ ವಿರೋಧಿಯನ್ನೇ ಕರೆದು ದೇಶದ ಮಾತು ಆಡಲು ಕಳಿಸಿದ ಸಚಿವಾಲಯಕ್ಕೆ, ಹೊರಗಿನ ವಿರೋಧಿಗಳೊಂದಿಗೆ ಕೂತು ಮಾತಾಡುವುದು ಕಷ್ಟವೆನಿಸಿರಲಾರದು.

ಧೋಫಾರ್ ದಂಗೆಗೆ ಬೆಂಬಲ ಕೊಟ್ಟದ್ದು ದಕ್ಷಿಣ ಯಮನ್. ಯುದ್ಧ ಮುಗಿದ ಏಳು ವರ್ಷಕ್ಕೆ, 1982ರಲ್ಲಿ, ಕುವೈತ್ ಮತ್ತು ಯುಎಇ ಮಧ್ಯಸ್ಥಿಕೆಯಲ್ಲಿ ಆ ದೇಶದೊಂದಿಗೇ ಒಮಾನ್ ಒಪ್ಪಂದ ಮಾಡಿಕೊಂಡಿತು. 1992ರಲ್ಲಿ, ಆ ಹೊತ್ತಿಗೆ ಒಂದಾಗಿದ್ದ ಯಮನ್‌ನೊಂದಿಗೆ ಗಡಿಯೂ ತೀರ್ಮಾನವಾಯಿತು. ದಂಗೆ ಅಡಗಿಸಲು ಸೈನಿಕರನ್ನು ಕಳಿಸಿದ್ದವರು ಇರಾನಿನ ಶಾ. ಶಾ ಪದಚ್ಯುತರಾಗಿ ಖೊಮೇನಿ ಬಂದರು, ಒಮಾನ್ ಅವರೊಂದಿಗೂ ಸಂಬಂಧ ಉಳಿಸಿಕೊಂಡಿತು. ಇರಾನ್–ಇರಾಕ್ ಯುದ್ಧದ ಎಂಟು ವರ್ಷ ಎರಡೂ ಕಡೆಗೆ ಮಾತು ನಿಲ್ಲಲಿಲ್ಲ.

ಹೀಗೆ ಕೂಡಿಟ್ಟ ನಂಬಿಕೆ ಮುಂದೆ ಉಪಯೋಗಕ್ಕೆ ಬಂತು. 2012ರ ಜುಲೈಯಲ್ಲಿ ಅಮೆರಿಕ ಮತ್ತು ಇರಾನಿನ ಅಧಿಕಾರಿಗಳು ಗುಟ್ಟಾಗಿ ಮೊದಲು ಸೇರಿದ್ದು ಮಸ್ಕತ್‌ನಲ್ಲಿ. 2015ರ ಅಣು ಒಪ್ಪಂದದ ಬೇರು ಅಲ್ಲಿದೆ. ಅದೇ 2015ರಲ್ಲಿ ಸೌದಿ ನೇತೃತ್ವದ ಮೈತ್ರಿಕೂಟ ಯಮನ್ ಮೇಲೆ ದಾಳಿ ಆರಂಭಿಸಿತು. ಗಲ್ಫ್ ಸಹಕಾರ ಮಂಡಳಿಯ ಆರು ದೇಶಗಳಲ್ಲಿ ಒಮಾನ್ ಮಾತ್ರ ಸೇರಲಿಲ್ಲ. ಯಮನ್‌ನಲ್ಲಿ ಅಪಹರಣವಾಗಿದ್ದ ಕೇರಳದ ಪಾದ್ರಿಯೊಬ್ಬರು 2017ರ ಸೆಪ್ಟೆಂಬರ್‌ನಲ್ಲಿ ಬಿಡುಗಡೆಯಾದದ್ದು ಒಮಾನಿನ ಪ್ರಯತ್ನದಿಂದ. ಅದೇ ವರ್ಷ ನೆರೆಯವರು ಕತರ್‌ಗೆ ದಿಗ್ಬಂಧನ ಹಾಕಿದಾಗ ಕತರ್‌ನ ಸರಕು ಒಮಾನಿನ ಸೊಹಾರ್, ಸಲಾಲಾ ಬಂದರುಗಳ ಮೂಲಕ ಸಾಗಿತು.

ಆದರೆ ಎಲ್ಲರಿಗೂ ತೆರೆದ ಬಾಗಿಲಿನಿಂದ ಎಲ್ಲರೂ ಒಳಗೆ ಬರುತ್ತಾರೆ. 1994ರಲ್ಲಿ ಇಸ್ರೇಲಿನ ರಬಿನ್ ಬಂದರು. 1996ರಲ್ಲಿ ಇಸ್ರೇಲಿಗೆ ವಾಣಿಜ್ಯ ಕಚೇರಿ ತೆರೆಯಲು ಅವಕಾಶ ಸಿಕ್ಕಿತು, ಎರಡನೆಯ ಇಂತಿಫಾದ ಶುರುವಾದಾಗ, 2000ದಲ್ಲಿ, ಅದು ಮುಚ್ಚಿತು. 2018ರ ಅಕ್ಟೋಬರ್‌ನಲ್ಲಿ ನೆತನ್ಯಾಹುಗೂ ಮಸ್ಕತ್‌ನಲ್ಲಿ ಸ್ವಾಗತ ದೊರೆಯಿತು. ಈ ಭೇಟಿಯಿಂದ ಫೆಲೆಸ್ತೀನಿಯರಿಗೆ ಏನು ಸಿಕ್ಕಿತೆಂದು ಹುಡುಕಿದರೆ ಕೈಗೆ ಏನೂ ಹತ್ತುವುದಿಲ್ಲ. ಎರಡು ವರ್ಷಗಳ ಬಳಿಕ ಯುಎಇ ಮತ್ತು ಬಹ್ರೈನ್ ಇಸ್ರೇಲಿನೊಂದಿಗೆ ಸಂಬಂಧ ಬೆಳೆಸಿದಾಗ ಒಮಾನ್ ಹಿಂದೆ ಹೋಗಲಿಲ್ಲ ಎಂಬುದನ್ನೂ ಲೆಕ್ಕಕ್ಕೆ ಹಿಡಿಯಬೇಕು.

2020ರ ಜನವರಿಯಲ್ಲಿ ಕಾಬೂಸ್ ನಿಧನರಾದರು. ಉತ್ತರಾಧಿಕಾರಿ ಸುಲ್ತಾನ್ ಹೈಸಮ್ ಹಿಂದೆ ಅದೇ ಸಚಿವಾಲಯದಲ್ಲಿ ಹದಿನಾರು ವರ್ಷ ದುಡಿದವರು. ಅವರು ವಿದೇಶಾಂಗ ಸಚಿವರನ್ನಾಗಿ ನೇಮಿಸಿದ ಬದ್ರ್ ಅಲ್ ಬುಸೈದಿ 2025ರ ಏಪ್ರಿಲ್ 12ರಂದು ಅಮೆರಿಕ ಮತ್ತು ಇರಾನಿನ ಪ್ರತಿನಿಧಿಗಳನ್ನು ಮಸ್ಕತ್‌ಗೆ ಕರೆಸಿ, ಇವರ ಮಾತನ್ನು ಅವರಿಗೆ, ಅವರ ಮಾತನ್ನು ಇವರಿಗೆ ಮುಟ್ಟಿಸಿದರು. ಮಸ್ಕತ್ ಮತ್ತು ರೋಮ್‌ಗಳಲ್ಲಿ ಐದು ಸುತ್ತು ನಡೆಯಿತು. ಮೇ ತಿಂಗಳಲ್ಲಿ ಅಮೆರಿಕ ಮತ್ತು ಹೂತಿಗಳ ನಡುವೆ ಕದನವಿರಾಮವಾದದ್ದೂ ಒಮಾನಿನ ಮೂಲಕವೇ.

ಆರನೆಯ ಸುತ್ತು ಜೂನ್ 15ರ ಭಾನುವಾರ ಮಸ್ಕತ್‌ನಲ್ಲಿ ನಿಗದಿಯಾಗಿತ್ತು. 13ರ ಮುಂಜಾನೆ ಇಸ್ರೇಲ್ ಇರಾನಿನ ಮೇಲೆ ದಾಳಿ ಮಾಡಿತು. ಮರುದಿನ, ಮಾತುಕತೆ ನಡೆಯುವುದಿಲ್ಲವೆಂದು ಅಲ್ ಬುಸೈದಿ ಪ್ರಕಟಿಸಿದರು.