ಲೆಕ್ಕದ ಸಾಲು ಮತ್ತು ಚೆಕ್ಕಿನ ಬಿಂಬ

ಕಚೇರಿಯ ಪತ್ರಸಮೂಹವನ್ನು ಕನ್ನಡಿಗರು ಈಗಲೂ ‘ಕಡತ’ವೆಂದು ಕರೆಯುತ್ತಾರೆ. ಬಟ್ಟೆಗೆ ಹುಣಿಸೆಬೀಜದ ಅಂಟನ್ನೂ ಇದ್ದಿಲಪುಡಿಯನ್ನೂ ಬಳಿದು, ಒಣಗಿಸಿ ಮಡಿಸಿ, ಬಳಪದಿಂದ ಬರೆಯುತ್ತಿದ್ದ ಪುಸ್ತಕಕ್ಕೆ ಹಿಂದೆ ಆ ಹೆಸರು ಸಲ್ಲುತ್ತಿತ್ತು. ಹೆಸರು ಉಳಿದು ವಸ್ತು ಬದಲಾಯಿತು. ಆದರೆ ಲೆಕ್ಕವೊಂದು, ಅದರ ಸಾಕ್ಷ್ಯವೊಂದು ಎಂಬ ಭೇದ ಮಾತ್ರ ಅಳಿಯಲಿಲ್ಲ. ಬ್ಯಾಂಕುಗಳಲ್ಲಿ ವೋಚರನ್ನು ಲೆಡ್ಜರಿನ ಹಾಳೆಗೆ ಅಂಟಿಸುವ ಪದ್ಧತಿಯಿರಲಿಲ್ಲ; ಆಯಾ ದಿನದ ವೋಚರುಗಳನ್ನು ಕಟ್ಟಾಗಿ ಹೊಲಿದು ಬೇರೆ ಇಡುತ್ತಿದ್ದರು. ಲೆಡ್ಜರಿನ ಸಾಲಿಗೂ ಆ ಕಟ್ಟಿಗೂ ದಿನಾಂಕ ಮತ್ತು ಸಂಖ್ಯೆಗಳೇ ಸೇತುವೆ.

ಗಣಕಯಂತ್ರಗಳ ಕಾಲದಲ್ಲಿ ಈ ಭೇದ ಹೊಸ ರೂಪದ ಪ್ರಶ್ನೆಯಾಯಿತು. 1970ರಲ್ಲಿ ಐಬಿಎಂ ಸಂಸ್ಥೆಯ ಇ. ಎಫ್. ಕಾಡ್ ಎಂಬ ವಿದ್ವಾಂಸರು ಸಂಬಂಧಾತ್ಮಕ ದತ್ತಸಂಚಯದ ತತ್ತ್ವವನ್ನು ಪ್ರಕಟಿಸಿದರು. ಇದರಲ್ಲಿ ಮಾಹಿತಿಯೆಲ್ಲವೂ ಸಾಲು ಮತ್ತು ಅಂಕಣಗಳುಳ್ಳ ಕೋಷ್ಟಕಗಳಲ್ಲಿರುತ್ತದೆ. ಸಂಖ್ಯೆ, ದಿನಾಂಕ, ಹೆಸರುಗಳಿಗೆ ಈ ಏರ್ಪಾಡು ಸಹಜವಾಗಿ ಒಪ್ಪುತ್ತದೆ. ಚಿತ್ರ, ಧ್ವನಿ ಮೊದಲಾದ ದೊಡ್ಡ ದತ್ತವನ್ನು ಒಳಗೊಳ್ಳಲು ಮುಂದೆ ‘ಬ್ಲಾಬ್’ ಎಂಬ ಬಗೆಯ ಅಂಕಣ ಬಂದಿತು. ಅದರೊಳಗಿರುವುದು ಚೆಕ್ಕೋ ಭಾವಚಿತ್ರವೋ ಎಂಬುದನ್ನು ಕೋಷ್ಟಕ ಅರಿಯದು. ಮುಚ್ಚಿದ ಪೆಟ್ಟಿಗೆಯಂತೆ ಕಾಯುತ್ತದೆ, ಅಷ್ಟೆ.

ಈ ಪ್ರಶ್ನೆ ನಮ್ಮ ನಗರಕ್ಕೆ ಹತ್ತಿರವಾದುದು 2011ರ ಸೆಪ್ಟೆಂಬರ್ 24ರಂದು. ದೆಹಲಿಯಲ್ಲಿ 2008ರಲ್ಲಿ ಆರಂಭವಾಗಿದ್ದ ಚೆಕ್ ಟ್ರಂಕೇಶನ್ ವ್ಯವಸ್ಥೆ ಅಂದು ಚೆನ್ನೈಯಲ್ಲಿ ಜಾರಿಗೆ ಬಂದಿತು. ಅಲ್ಲಿಂದ ಮುಂದೆ ಚೆಕ್ಕಿನ ಕಾಗದ ಹಾಜರುಪಡಿಸಿದ ಬ್ಯಾಂಕಿನಲ್ಲೇ ನಿಂತು, ಬಿಂಬ ಮಾತ್ರ ಪ್ರಯಾಣ ಮಾಡತೊಡಗಿತು. ಆಮೇಲೆ ಕರ್ನಾಟಕದ ಚೆಕ್ಕುಗಳೂ ಚೆನ್ನೈ ಗ್ರಿಡ್ಡಿನ ವ್ಯಾಪ್ತಿಗೆ ಸೇರಿದವು. ಪ್ರತಿಯೊಂದು ಚೆಕ್ಕಿಗೂ ಮೂರು ಬಿಂಬಗಳು: ಮುಂಬದಿಯ ಬೂದುಛಾಯೆಯದೊಂದು, ಕಪ್ಪು-ಬಿಳುಪಿನದೊಂದು, ಹಿಂಬದಿಯ ಕಪ್ಪು-ಬಿಳುಪಿನದೊಂದು. ಇವುಗಳ ಜೊತೆಗೆ ಕಾಂತಶಾಯಿಯಲ್ಲಿ ಅಚ್ಚಾದ ಸಂಖ್ಯೆಗಳು. ಈ ಸಂಖ್ಯೆಗಳು ಕೋಷ್ಟಕದ ಸಾಲಿಗೆ ಹೇಳಿಮಾಡಿಸಿದಂಥವು; ಬಿಂಬಗಳು ಹಾಗಲ್ಲ.

ಬಿಂಬವನ್ನು ಕೋಷ್ಟಕದೊಳಗೇ ಇಟ್ಟರೆ ಸಾಲೂ ಬಿಂಬವೂ ಒಂದೇ ವ್ಯವಹಾರದಲ್ಲಿ ದಾಖಲಾಗುತ್ತವೆ. ಎರಡೂ ಉಳಿಯುತ್ತವೆ, ಇಲ್ಲವೆ ಎರಡೂ ರದ್ದಾಗುತ್ತವೆ. ಆದರೆ ದತ್ತಸಂಚಯ ಬೆಳೆದು, ಅದರ ರಕ್ಷಾಪ್ರತಿ ತೆಗೆಯುವುದು ದಿನೇದಿನೇ ಭಾರವಾಗುತ್ತದೆ. ಹೊರಗೆ ಕಡತವಾಗಿಟ್ಟು ಸಾಲಿನಲ್ಲಿ ಅದರ ವಿಳಾಸವನ್ನಷ್ಟೇ ಬರೆದರೆ ಭಾರ ಇಳಿಯುತ್ತದೆ. ಆದರೆ ಕಡತ ಕಳೆದುಹೋದರೂ ಸಾಲು ಏನೂ ಅರಿಯದಂತೆ ನಿಂತಿರುತ್ತದೆ. ಮೈಕ್ರೋಸಾಫ್ಟ್ ಸಂಸ್ಥೆಯಲ್ಲಿ ಜಿಮ್ ಗ್ರೇ ಮತ್ತು ಸಂಗಡಿಗರು 2006ರಲ್ಲಿ ನಡೆಸಿದ ಪರೀಕ್ಷೆಯಲ್ಲಿ, 256 ಕಿಲೋಬೈಟಿಗಿಂತ ಚಿಕ್ಕ ವಸ್ತುಗಳಿಗೆ ದತ್ತಸಂಚಯವೂ, 1 ಮೆಗಾಬೈಟಿಗಿಂತ ದೊಡ್ಡವಕ್ಕೆ ಕಡತವ್ಯವಸ್ಥೆಯೂ ಅನುಕೂಲವೆಂದು ಕಂಡುಬಂದಿತು. ಅಂಗುಲಕ್ಕೆ 100 ಚುಕ್ಕೆಯಂತೆ ತೆಗೆದ ಬೂದುಛಾಯೆಯ ಬಿಂಬದಲ್ಲಿ ಸುಮಾರು 2,90,000 ಚುಕ್ಕೆಗಳು. ಚುಕ್ಕೆಗೊಂದು ಬೈಟಿನಂತೆ ಎಣಿಸಿದರೂ, ಸಂಕ್ಷೇಪಿಸಿದ ಮೇಲೆ ಅದು ಮೊದಲನೆಯ ವರ್ಗಕ್ಕೇ ಸೇರುತ್ತದೆ. ಇಲ್ಲಿ ಭಾರವಾಗುವುದು ಒಂದೊಂದು ಬಿಂಬದ ಗಾತ್ರವಲ್ಲ; ಬಿಂಬಗಳ ಎಣಿಕೆ ಮತ್ತು ಅವನ್ನು ಕಾಪಾಡಬೇಕಾದ ವರ್ಷಗಳು.

ಇನ್ನೊಂದು ಸಂಗತಿ ಗಮನಾರ್ಹ. ಪೋಸ್ಟ್‌ಗ್ರೆಸ್‌ಕ್ಯೂಎಲ್ ಎಂಬ ದತ್ತಸಂಚಯದಲ್ಲಿ ಸಾಲು ಸುಮಾರು 2 ಕಿಲೋಬೈಟನ್ನು ಮೀರಿದರೆ ದೊಡ್ಡ ಮೌಲ್ಯಗಳು ಸಂಕ್ಷೇಪಗೊಳ್ಳುತ್ತವೆ. ಅಷ್ಟಕ್ಕೂ ಹಿಡಿಸದಿದ್ದರೆ ಪಕ್ಕದ ಕೋಷ್ಟಕಕ್ಕೆ ಹೋಗಿ, ಮೂಲದ ಸಾಲಿನಲ್ಲಿ ಸೂಚನೆಯಷ್ಟೇ ಉಳಿಯುತ್ತದೆ. ಹೊರಗಿನವರಿಗೆ ಒಂದಾಗಿ ಕಾಣುವುದರ ಒಳಗೂ ಹಳೆಯ ಲೆಡ್ಜರು ಮತ್ತು ವೋಚರಿನ ಕಟ್ಟೇ ಇವೆ.

ಆದುದರಿಂದ ಎಲ್ಲಿ ಇಡಬೇಕೆಂಬುದಕ್ಕಿಂತ, ಸಾಲಿಗೂ ಸಾಕ್ಷ್ಯಕ್ಕೂ ಇರುವ ಬಂಧ ಬಿಡದಂತೆ ನೋಡಿಕೊಳ್ಳುವುದೇ ಮುಖ್ಯ. ಹಾಜರುಪಡಿಸಿದ ಬ್ಯಾಂಕು ಮೂಲ ಕಾಗದವನ್ನು 10 ವರ್ಷ ಕಾಪಾಡಬೇಕೆಂಬ ನಿಯಮವಿದೆ. ನೆಗೋಷಿಯಬಲ್ ಇನ್‌ಸ್ಟ್ರುಮೆಂಟ್ಸ್ ಕಾಯಿದೆಗೆ 2002ರಲ್ಲಿ ಆದ ತಿದ್ದುಪಡಿಯ ಪ್ರಕಾರ ಬಿಂಬಕ್ಕೂ ಮೂಲ ಚೆಕ್ಕಿಗೂ ತೋರುವ ಒಕ್ಕಣೆಯಲ್ಲಿ ವ್ಯತ್ಯಾಸವಿದ್ದರೆ ಅದು ಗಂಭೀರ ಮಾರ್ಪಾಡೆನಿಸುತ್ತದೆ. ಬಿಂಬದ ಯಥಾರ್ಥತೆಯ ಹೊಣೆ ಬ್ಯಾಂಕಿನದು ಅಥವಾ ತೀರುವೆ ಮನೆಯದು. ಬಿಂಬಕ್ಕೂ ದತ್ತಕ್ಕೂ ಅಂಕೀಯ ಸಹಿ ಹಾಕುವುದು ಈ ಕಾರಣದಿಂದಲೇ. ‘ಈ ರುಜು ನನ್ನದಲ್ಲ’ ಎಂದು ಖಾತೆದಾರನೊಬ್ಬನು ವರ್ಷಗಳ ಮೇಲೆ ಹೇಳಿದಾಗ ಕೋಷ್ಟಕದ ಮೊತ್ತ ಅವನ ಪರವಾಗಿಯೂ ನುಡಿಯದು, ವಿರುದ್ಧವಾಗಿಯೂ ನುಡಿಯದು, ನುಡಿಯಬೇಕಾದುದು ಬಿಂಬ. ಅದು ಒಳಗಿರಲಿ ಹೊರಗಿರಲಿ, ಕರೆದಾಗ ತನ್ನ ಸಾಲಿನ ಹೆಸರು ಹೇಳಿಕೊಂಡು ಬರುವಂತಿರಬೇಕು.